ನಾತ ಹೋದ ಬಾವಿ

ನೀರಿಗೆ ವಾಸನೆ ಬಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಒಂದು ಸೀಸೆಯಲ್ಲಿ ಹಿಡಿದು ತಂದರೆ ಆ ಕಾರಣದ ಹೆಸರನ್ನು ಅರ್ಧ ಗಂಟೆಯಲ್ಲಿ ಹೇಳಬಲ್ಲೆ ಎಂದು ನಂಬಿದ್ದವಳು ನಾನು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಹೊಸೂರಿನ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷದಿಂದ ನೀರನ್ನೇ ಪರೀಕ್ಷೆ ಮಾಡಿಕೊಂಡಿರುವವಳಿಗೆ ಬೇರೆ ನಂಬಿಕೆ ಬರುವುದಾದರೂ ಎಲ್ಲಿಂದ? ನಮ್ಮತ್ತೆ ದೃಷ್ಟಿ ತೆಗೆಯಲು ಕೂತರೆ ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಗಾಳಿ ಸೋಕಿತು, ಶಕುನವಾಯಿತು ಎಂದು ಯಾರಾದರೂ ಹೇಳಿದರೆ ಬಾಯಿ ಬಿಟ್ಟು ನಗುತ್ತಿರಲಿಲ್ಲ, ಅಷ್ಟೇ. ಆದ್ದರಿಂದ ಮುಂದೆ ಬರೆಯುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಾನೂ ನಿಮ್ಮ ಜಾಗದಲ್ಲೇ ಇದ್ದವಳು.

ನಡೆದದ್ದು ನಾಲ್ಕು ವರ್ಷದ ಹಿಂದೆ, ಮಾರ್ಗಶಿರದಲ್ಲಿ. ಇಂಥ ಕತೆಗಳು ಸಾಮಾನ್ಯವಾಗಿ ನಡೆಯುವ ಹೊತ್ತಿನಲ್ಲಿ ನಡೆದದ್ದಲ್ಲ. ಸೋಮವಾರ ಬೆಳಿಗ್ಗೆ, ಜನ ಡಬ್ಬಿ ಕಟ್ಟಿಕೊಂಡು ಕೆಲಸಕ್ಕೆ ಹೊರಡುವ ಸಮಯ.

ನನ್ನ ಗಂಡ ಸುರೇಶನಿಗೆ ಅವಲಪಲ್ಲಿಯಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಇದೆ. ಓಡಾಟ ಮುಗಿಸಿದ ಒಂದು ಹಳೆಯ ಶಾಲಾ ವ್ಯಾನನ್ನು ಕೊಂಡು ತಂದು, ಎರಡು ವರ್ಷದ ಭಾನುವಾರಗಳನ್ನೆಲ್ಲ ಅದಕ್ಕೆ ಸುರಿದು, ಅದನ್ನು ಮಲಗಿ ಎದ್ದು ಅಡುಗೆ ಮಾಡಿಕೊಳ್ಳಬಹುದಾದ ಗಾಡಿಯಾಗಿ ಮಾಡಿದ್ದ. ಬೆಂಚಿನ ಕೆಳಗೆ ಎಂಬತ್ತು ಲೀಟರಿನ ನೀರಿನ ಟ್ಯಾಂಕು, ನಲ್ಲಿ ತಿರುಗಿಸಿದರೆ ತಾನೇ ಓಡುವ ಒಂದು ಪುಟ್ಟ ಪಂಪು, ಹಿಂಬದಿಯಲ್ಲಿ ಆರು ಲೀಟರಿನ ಗೀಸರು. ಗೀಸರಿನ ನೀರನ್ನು ಖಾಲಿ ಮಾಡಬೇಕಾದರೆ ಗಾಡಿಯ ಹಿಂದೆ, ಹೊರಗಿನಿಂದ, ಒಂದು ತಿರುಪು ಸಡಿಲಿಸಬೇಕು. ನಮ್ಮ ಬೀದಿಯವರಿಗೆ ಆ ಗಾಡಿ ಒಳ್ಳೆಯ ತಮಾಷೆಯಾಗಿತ್ತು. ಎದುರು ಮನೆಯ ಆಂಟಿ, ಇನ್ನು ಸಂಸಾರ ವ್ಯಾನಿನಲ್ಲೇ ತಾನೇ, ಮನೆಯನ್ನು ಬಾಡಿಗೆಗೆ ಕೊಡುವುದಾದರೆ ಮೊದಲು ನನಗೆ ಹೇಳಿ ಎನ್ನುತ್ತಿದ್ದರು.

ಮೊದಲ ಸಲ ಅದರಲ್ಲಿ ಎರಡು ರಾತ್ರಿ ಕಳೆಯಲು ನಾವು ಹೋದದ್ದು ನಂಜಪ್ಪನ ಹೊಲಕ್ಕೆ. ನಂಜಪ್ಪ ನಮ್ಮ ಕಾರ್ಖಾನೆಯ ಬಾಯ್ಲರ್ ವಿಭಾಗದವನು, ನನಗಿಂತ ನಾಲ್ಕೈದು ವರ್ಷ ಚಿಕ್ಕವನು, ನನ್ನನ್ನು ಅಕ್ಕ ಎಂದೇ ಕರೆಯುವವನು. ಜವಳಗಿರಿಯಿಂದ ಒಳಗೆ ಕಾಡಿನ ಅಂಚಿನಲ್ಲಿ ಅವರ ಮನೆ. ಮನೆಯಿಂದ ಡಾಂಬರು ರಸ್ತೆಗೆ ಎರಡು ಕಿಲೋಮೀಟರು ಮಣ್ಣುದಾರಿ. ಅಲ್ಲಿಂದ ದಿನವೂ ಬಸ್ಸು ಹಿಡಿದು ಹೊಸೂರಿಗೆ ಬರುತ್ತಾನೆ. ಅವರೆಕಾಯಿ ಬಂದಿದೆ, ಸೊಗಡು ಇರುವಾಗಲೇ ಬನ್ನಿ ಎಂದು ಕರೆದಿದ್ದ. ಅವನ ಹೆಂಡತಿ ಮಗುವನ್ನು ಕರೆದುಕೊಂಡು ತವರಿಗೆ ಹೋಗಿದ್ದರಿಂದ ಮನೆಯಲ್ಲಿ ಅವನೂ ಅವನ ತಾಯಿ ಅಕ್ಕಯ್ಯಮ್ಮನೂ ಇಬ್ಬರೇ ಇದ್ದರು.

ಶನಿವಾರ ಮಧ್ಯಾಹ್ನ ತಲುಪಿದೆವು. ಮನೆಯ ಪಕ್ಕದಲ್ಲೇ ಕಲ್ಲು ಕಟ್ಟಿದ ಹಳೆಯ ಬಾವಿ. ನೀರು ಕೆಳಗಿಳಿದಾಗ ಬಾವಿಯೊಳಗೇ ಒಂದು ಬೋರು ಇಳಿಸಿದ್ದಾರೆ, ಆ ಕಡೆ ಸುಮಾರು ಬಾವಿಗಳು ಹಾಗೆಯೇ. ಮೋಟರು ಹಾಕಿ ನಮ್ಮ ಟ್ಯಾಂಕು ತುಂಬಿಸಿದ ನಂಜಪ್ಪ, ನೀರು ಸ್ವಲ್ಪ ನಾತ ಬರುತ್ತದೆ, ಗಾಬರಿಯಾಗಬೇಡಿ ಎಂದು ಮೊದಲೇ ಹೇಳಿದ್ದ. ಸಂಜೆ ಪಾತ್ರೆ ತೊಳೆಯಲು ನಲ್ಲಿ ತಿರುಗಿಸಿದೆ. ಕೊಳೆತ ಮೊಟ್ಟೆ ಒಡೆದು ಮುಖಕ್ಕೆ ಹಿಡಿದ ಹಾಗಾಯಿತು. ಸುರೇಶ ಮೂಗು ಮುಚ್ಚಿಕೊಂಡು ಕೆಳಗಿಳಿದು ಓಡಿದ. ಗೀಸರಿನ ಬಿಸಿನೀರು ಇನ್ನೂ ಭಯಂಕರವಾಗಿತ್ತು.

ಇದು ನನಗೆ ಹೊಸದಲ್ಲ. ಗಾಳಿಯಾಡದ ತಳದಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಸೇರಿಕೊಂಡು ನೀರಿನ ಗಂಧಕದಿಂದ ಈ ಅನಿಲ ಮಾಡುತ್ತವೆ. ಹಂಡೆಯಲ್ಲಿ ತುಂಬಿ ಬಿಟ್ಟರೆ ಬೆಳಗಾಗುವುದರೊಳಗೆ ಅದು ಹಾರಿಹೋಗುತ್ತದೆ. ಅಕ್ಕಯ್ಯಮ್ಮ ಹಾಗೆಯೇ ಮಾಡುತ್ತಿದ್ದರು, ಆದ್ದರಿಂದ ಮನೆಯೊಳಗಿನ ನೀರಿಗೆ ವಾಸನೆಯೇ ಇರಲಿಲ್ಲ. ಮುಚ್ಚಿದ ಟ್ಯಾಂಕಿನಲ್ಲಿ ಮಾತ್ರ ಅದು ಹೋಗಲು ದಾರಿಯಿಲ್ಲ. ಗೀಸರಿನೊಳಗೆ ತುಕ್ಕು ಹಿಡಿಯದಿರಲೆಂದು ಇಟ್ಟಿರುವ ಮೆಗ್ನೀಸಿಯಂ ಸಲಾಕೆ ಬೇರೆ ಅದಕ್ಕೆ ಕುಮ್ಮಕ್ಕು ಕೊಡುತ್ತದೆ. ಇದನ್ನೆಲ್ಲ ನಾನು ನಂಜಪ್ಪನಿಗೆ ಉತ್ಸಾಹದಿಂದ ವಿವರಿಸಿದೆ. ಅವನು ಅವರೆಕಾಯಿ ಸುಲಿಯುತ್ತಾ ಎಲ್ಲ ಕೇಳಿಸಿಕೊಂಡ.

ಮಾರನೆಯ ದಿನ, ಭಾನುವಾರ ಬೆಳಿಗ್ಗೆ, ಆ ಮನೆಯ ಪದ್ಧತಿಯೊಂದನ್ನು ನೋಡಿದೆ. ಬೆಳಕು ಹರಿಯುತ್ತಲೇ ಅಕ್ಕಯ್ಯಮ್ಮ ಬಾವಿಯಿಂದ ಒಂದು ಚೊಂಬು ನೀರು ಸೇದಿದರು. ಹೊಲಕ್ಕೆ ಹೊರಟಿದ್ದ ನಂಜಪ್ಪ ಬಂದು ಅಂಗೈ ಒಡ್ಡಿದ. ತೀರ್ಥದ ಹಾಗೆ ಸ್ವಲ್ಪ ಸುರಿದು, "ನಾತ ಬತ್ತೈತಾ?" ಎಂದು ಕೇಳಿದರು. ಅವನು ಮೂಸಿ, "ಬತ್ತೈತೆ" ಎಂದ. ಸರಿ ಹೋಗು ಎಂದರು. ಆಮೇಲೆ ತಾವೂ ಮೂಸಿ ನೋಡಿ ನಮ್ಮಿಬ್ಬರ ಕೈಗೂ ಹಾಕಿದರು. ನನಗೂ ಬಂತು, ಸುರೇಶನಿಗೂ ಬಂತು. ಅವನು ಮುಖ ಸಿಂಡರಿಸಿದ್ದನ್ನು ನೋಡಿ ಅಕ್ಕಯ್ಯಮ್ಮ ನಕ್ಕರು.

ಹೊಲದ ದಾರಿಯಲ್ಲಿ ನಂಜಪ್ಪ ಕಾರಣ ಹೇಳಿದ. ನಾತ ಬರದವರು ಆ ದಿನ ಮನೆಯಂಗಳ ದಾಟಬಾರದು. ಅವನ ಅಜ್ಜಿಯ ಕಾಲದಿಂದ ನಡೆದು ಬಂದದ್ದಂತೆ. ಆನೆ ಎದುರಿಗೆ ನಿಂತರೂ ಪೊದೆಯಲ್ಲಿ ಕಾಣುವುದಿಲ್ಲ, ನಡೆದರೂ ಕೇಳಿಸುವುದಿಲ್ಲ, ಮೂಗಿಗೆ ಮಾತ್ರ ಮೊದಲು ತಿಳಿಯುತ್ತದೆ. ನೆಗಡಿಯಾಗಿ ಮೂಗು ಕಟ್ಟಿದವನು ಕಾಡಂಚಿಗೆ ಹೋದರೆ ಕುರುಡನು ಹೋದ ಹಾಗೆ. ಇದನ್ನು ಕೇಳಿ ನನಗೆ ನಿಜಕ್ಕೂ ಖುಷಿಯಾಯಿತು. ಎಷ್ಟು ಸೊಗಸಾದ, ತರ್ಕಬದ್ಧವಾದ ಪರೀಕ್ಷೆ ಎಂದೆ. ಸ್ವಲ್ಪ ದೂರ ನಡೆದ ಮೇಲೆ ನಂಜಪ್ಪ, ನೆಗಡಿ ಇಲ್ಲದವರಿಗೂ ಒಂದೊಂದು ದಿನ ಬರುವುದಿಲ್ಲ ಅಕ್ಕ, ಅದಕ್ಕೇನು ಹೇಳುತ್ತೀರಿ ಎಂದು ಕೇಳಿದ. ಅವನಪ್ಪ ಒಂದು ದಿನ ಅವಸರದಲ್ಲಿ ನೀರು ಮೂಸದೆ ರಾಗಿ ಕಣಕ್ಕೆ ಹೋದವರು ವಾಪಸು ಬರಲಿಲ್ಲವಂತೆ. ಆಮೇಲಿನಿಂದ ಅಕ್ಕಯ್ಯಮ್ಮ ಒಂದು ದಿನವೂ ತಪ್ಪಿಸಿಲ್ಲ.

ಅಂದು ಮಧ್ಯಾಹ್ನವೆಲ್ಲ ನಾನು ಗಾಡಿಯ ನೀರಿನ ಹಿಂದೆ ಬಿದ್ದೆ. ಟ್ಯಾಂಕು ಪೂರ್ತಿ ಖಾಲಿ ಮಾಡಿ, ಹೊಸ ನೀರು ತುಂಬಿ, ಅಳತೆ ಹಾಕಿ ಬ್ಲೀಚಿಂಗ್ ಪೌಡರ್ ಕದಡಿದೆ. ಎಲ್ಲ ನಲ್ಲಿಗಳಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ನೀರು ಹರಿಸಿ ಹಾಗೇ ನಿಲ್ಲಿಸಿದೆ. ಗೀಸರಿನೊಳಗೆ ಆ ಖಾರದ ನೀರು ಹೋಗಬಾರದೆಂದು ಅದರ ದಾರಿಯನ್ನು ಮುಚ್ಚಿ, ಅದನ್ನು ಊರಿಗೆ ಹೋದ ಮೇಲೆ ಬಿಚ್ಚಿ ತೊಳೆಯೋಣ ಎಂದುಕೊಂಡೆ. ಸಂಜೆ ಹೊತ್ತಿಗೆ ನಲ್ಲಿಯ ನೀರಿನಲ್ಲಿ ಸ್ವಲ್ಪ ಕ್ಲೋರಿನ್ ಬಿಟ್ಟರೆ ಬೇರೆ ವಾಸನೆ ಇರಲಿಲ್ಲ. ಸುರೇಶ ಎರಡು ಲೋಟ ಕಾಫಿ ಮಾಡಿದ.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಡಬ್ಬಿಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಪುಡಿ ಉಳಿದಿತ್ತು. ಅಕ್ಕಯ್ಯಮ್ಮನೂ ನಂಜಪ್ಪನೂ ಅವರೆ ಕೀಳಲು ಹೋಗಿದ್ದರು. ಬಾವಿಯ ಅಗಲ ಅಳೆದೆ, ಹಗ್ಗ ಬಿಟ್ಟು ಆಳ ನೋಡಿದೆ, ಫೋನಿನಲ್ಲಿ ಲೆಕ್ಕ ಹಾಕಿದೆ. ಬಕೆಟ್ಟಿನಲ್ಲಿ ಪುಡಿ ಕದಡಿ, ತಿಳಿ ತೆಗೆದು, ಬಾವಿಯ ಸುತ್ತ ಒಂದೇ ಸಮನಾಗಿ ಸುರಿದೆ. ಬೋರಿನ ಕೊಳವೆಯೊಳಕ್ಕೂ ಬಿಟ್ಟೆ. ಎರಡು ದಿನ ಊಟ ಹಾಕಿದವರಿಗೆ ನನ್ನ ಕೈಲಾದದ್ದು ಇದು, ನೀರು ತಿಳಿಯಾದ ಮೇಲೆ ಹೇಳಿ ಆಶ್ಚರ್ಯಪಡಿಸೋಣ ಎಂದುಕೊಂಡೆ. ಬೆಳಿಗ್ಗೆ ಅವರ ಅಂಗೈಯಲ್ಲಿ ನೋಡಿದ್ದಕ್ಕೂ ಸಂಜೆ ನಾನು ಮಾಡುತ್ತಿದ್ದುದಕ್ಕೂ ಸಂಬಂಧವಿದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಈಗ ಹೇಳಿದರೆ ಯಾರೂ ನಂಬುವುದಿಲ್ಲ, ಆದರೆ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತು ಮಾರು ಆಚೆ ಏನೂ ಕಾಣದಷ್ಟು ಮಂಜು. ನಾನೂ ನಂಜಪ್ಪನೂ ಡ್ಯೂಟಿಗೆ ಹೋಗಬೇಕಿತ್ತು. ಅಂದು ಬಾಯ್ಲರಿನ ತಪಾಸಣೆ ಇದ್ದುದರಿಂದ ಅವನು ತಪ್ಪಿಸುವಂತಿರಲಿಲ್ಲ. ನಮ್ಮ ಗಾಡಿಯಲ್ಲೇ ಮೂವರೂ ಹೊರಡುವುದೆಂದು ಮಾತಾಗಿತ್ತು. ಅಕ್ಕಯ್ಯಮ್ಮ ಚೊಂಬು ಹಿಡಿದು ಬಂದರು. ನಂಜಪ್ಪ ಮೂಸಿದ. ಮತ್ತೆ ಮೂಸಿದ.

"ಇಲ್ಲ ಕಣವ್ವ."

"ನೆಗಡಿಯೇನ್ಲಾ?"

ಇಲ್ಲವೆಂದು ತಲೆಯಾಡಿಸಿದ. ಅಕ್ಕಯ್ಯಮ್ಮ ತಮ್ಮ ಅಂಗೈಗೆ ಸುರಿದುಕೊಂಡು ಬಹಳ ಹೊತ್ತು ಮೂಗಿಗೆ ಹಿಡಿದರು. ನೀರು ಬೆರಳ ಸಂದಿಯಿಂದ ಸೋರಿ ಮುಗಿಯುವವರೆಗೂ ಹಿಡಿದೇ ಇದ್ದರು. ಆಮೇಲೆ ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು. "ನಂಗೂ ಇಲ್ಲ ಕಣ್ಲಾ" ಎಂದರು.

ನನಗೆ ಆಗ ಹೊಳೆಯಿತು. ನಿನ್ನೆ ಸಂಜೆ ಬಾವಿಗೆ ಔಷಧಿ ಹಾಕಿದ್ದು ನಾನೇ ಎಂದು ಹೇಳಿದೆ. ನಂಜಪ್ಪ ನೆಲ ನೋಡಿದ. ಅವರು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅಕ್ಕಯ್ಯಮ್ಮ ನನ್ನನ್ನೇ ನೋಡಿ, "ಒಳ್ಳೇದಾಗ್ಲಿ ಅಂತ್ಲೇ ಹಾಕಿದ್ದೀಯ ತಾಯಿ. ಇವತ್ತು ನಾನು ಇವನ್ನ ಹೆಂಗೆ ಕಳಿಸ್ಲಿ, ಅದೇಳು" ಎಂದರು.

ಔಷಧಿ ಬೀಳುವ ಮುಂಚಿನ ನೀರು ಎಲ್ಲಾದರೂ ಉಳಿದಿದೆಯೇ ಎಂದು ಕೇಳಿದರು. ಮನೆಯ ಹಂಡೆಯಲ್ಲಿದ್ದದ್ದು ಆಗಲೇ ವಾಸನೆ ಕಳೆದುಕೊಂಡ ನೀರು. ನನಗೆ ಗೀಸರು ನೆನಪಾಯಿತು. ಶನಿವಾರ ತುಂಬಿದ ಆರು ಲೀಟರು ಅದರೊಳಗೆ ಹಾಗೇ ಇತ್ತು. ಚೊಂಬು ತೆಗೆದುಕೊಂಡು ಗಾಡಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು, ತಿರುಪು ಸಡಿಲಿಸಿ ಹಿಡಿದೆ. ಕಪ್ಪು ಕಪ್ಪು ಚೂರುಗಳ ಜೊತೆ ನೀರು ಬಂತು. ನಾತ ಎಂಥದ್ದೆಂದರೆ ಕೊಟ್ಟಿಗೆಯಲ್ಲಿದ್ದ ಹಸು ತಲೆ ಎತ್ತಿ ಹಗ್ಗ ಜಗ್ಗಿತು. ನಂಜಪ್ಪ ಅಂಗೈಗೆ ಹಾಕಿಸಿಕೊಳ್ಳುವ ಮೊದಲೇ ಎರಡು ಹೆಜ್ಜೆ ಹಿಂದೆ ಸರಿದ.

"ಥೂ, ಇದೇನಕ್ಕಾ, ಒಳಗೆ ಹೆಣ ಇಕ್ಕಿದ್ರಾ?"

ಅಕ್ಕಯ್ಯಮ್ಮನಿಗೆ ಅಂದು ಮೊದಲ ಸಲ ನಗು ಬಂತು. ನೀನು ಹೋಗಬಹುದು ಎಂದು ಮಗನ ಬೆನ್ನು ತಟ್ಟಿದರು. ನನಗಂತೂ ಕೇಳುವ ಅಗತ್ಯವೇ ಇರಲಿಲ್ಲ, ಅದರ ಎದುರಿಗೇ ಮುಖ ಇಟ್ಟಿದ್ದವಳು ನಾನು. ಅಷ್ಟರಲ್ಲಿ ಗಾಡಿಯ ಮುಂಭಾಗದಲ್ಲಿ ಇಂಜಿನ್ನಿನ ಎಣ್ಣೆ ನೋಡುತ್ತಿದ್ದ ಸುರೇಶ ಕಾಫಿ ಲೋಟ ಹಿಡಿದುಕೊಂಡು ಬಂದ. ನನಗೂ ತೀರ್ಥ ಕೊಡಿ ಎಂದು ತಮಾಷೆಗೆ ಕೈ ಒಡ್ಡಿದ. ಮೂಸಿದ.

"ಏನೂ ಬರ್ತಾ ಇಲ್ವಲ್ಲ" ಎಂದ.

ತಮಾಷೆ ಮಾಡುತ್ತಿದ್ದಾನೆ ಎಂದು ನಾನು ರೇಗಿದೆ. ಅವನು ಚೊಂಬನ್ನೇ ಇಸಿದುಕೊಂಡು ಅದರೊಳಗೆ ಮೂಗಿಟ್ಟ. ನಂಜಪ್ಪ ಮೂಗಿಗೆ ಟವಲು ಹಿಡಿದುಕೊಂಡೇ ನೋಡುತ್ತಿದ್ದ. ಇಲ್ಲ, ಶುದ್ಧ ನೀರಿದ್ದ ಹಾಗಿದೆ ಎಂದ ಸುರೇಶ. ಕಾಫಿ ಮೂಸಲು ಹೇಳಿದೆ. ಚಿಕೋರಿ ಜಾಸ್ತಿಯಾಗಿದೆ ಎಂದ. ತನ್ನ ಬೆರಳಿನ ಎಣ್ಣೆಯ ವಾಸನೆ ಬರುತ್ತಿತ್ತು. ಕೊಟ್ಟಿಗೆಯ ಗಂಜಲ ಬರುತ್ತಿತ್ತು. ಆ ಚೊಂಬು ಒಂದನ್ನು ಬಿಟ್ಟು ಲೋಕದಲ್ಲಿರುವುದೆಲ್ಲ ಅವನ ಮೂಗಿಗೆ ಬರುತ್ತಿತ್ತು. ಅವನು ಸುಳ್ಳು ಹೇಳುತ್ತಿಲ್ಲ ಎಂದು ಅವನ ಮುಖ ನೋಡಿಯೇ ನನಗೆ ಗೊತ್ತಾಯಿತು. ಹದಿನಾಲ್ಕು ವರ್ಷದಿಂದ ನೋಡುತ್ತಿರುವ ಮುಖ.

ಅಕ್ಕಯ್ಯಮ್ಮ ಅವನ ಒದ್ದೆ ಕೈಯನ್ನು ಮಣಿಕಟ್ಟಿನ ಹತ್ತಿರ ಹಿಡಿದುಕೊಂಡರು. ಬಿಡಲಿಲ್ಲ. "ಈವಪ್ಪನ್ನ ಇಲ್ಲೇ ಬಿಟ್ಟೋಗು ತಾಯಿ. ನಾಳೀಕೆ ನನ್ ಮಗನೇ ಕರ್ಕೊಂಡ್ ಬತ್ತಾನೆ" ಎಂದರು.

ಬಿಟ್ಟು ಹೋಗಬೇಕಿತ್ತು. ಆದರೆ ಓದಿದವಳ ನಾಚಿಕೆ ಎಂಬುದೊಂದಿರುತ್ತದೆ. ಅನಿಲ ತಾಗಿ ಮೂಗು ಮಂಕಾಗಿದೆ ಅಷ್ಟೇ, ಅರ್ಧ ಗಂಟೆಯಲ್ಲಿ ಸರಿಹೋಗುತ್ತದೆ ಎಂದು ಅವರಿಗೆ ತಿಳಿಸಿ ಹೇಳಲು ಹೊರಟೆ. ಕೊನೆಗೆ ಒಂದು ರಾಜಿಯಾಯಿತು. ಗಾಡಿ ನಾನು ಓಡಿಸುವುದು, ನಂಜಪ್ಪ ನನ್ನ ಪಕ್ಕ ಕೂರುವುದು, ಸುರೇಶ ಹಿಂದೆ ಒಳಗಿರುವುದು. ಡಾಂಬರು ರಸ್ತೆ ಸಿಗುವವರೆಗೆ ಅವನು ಕಾಲು ಕೆಳಗಿಡಬಾರದು. ಅವನು ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿ ನಗುತ್ತಾ ಹತ್ತಿದ. ಅಕ್ಕಯ್ಯಮ್ಮ ನಗಲಿಲ್ಲ. ಗೀಸರಿನ ತಿರುಪನ್ನು ನಾನು ಈ ಗಲಾಟೆಯಲ್ಲಿ ಅರ್ಧ ಮಾತ್ರ ಬಿಗಿದಿದ್ದೆ. ಅದು ನನಗೆ ಆಗ ಗೊತ್ತಿರಲಿಲ್ಲ. ಗಾಡಿಯೊಳಗೆ ಕೂತ ಸುರೇಶ ಸುಮ್ಮನಿರಲಾರದೆ, ಗೀಸರು ತೊಳೆದುಹೋಗಲಿ ಎಂದು ನಾನು ಮುಚ್ಚಿದ್ದ ದಾರಿಯನ್ನು ಮತ್ತೆ ತೆರೆದ. ಅದೂ ನನಗೆ ಗೊತ್ತಿರಲಿಲ್ಲ.

ಒಂದು ಕಡೆ ಕಾಡಿನ ಲಂಟಾನ ಪೊದೆ, ಇನ್ನೊಂದು ಕಡೆ ಅವರೆ ಹೊಲ, ನಡುವೆ ದಾರಿ. ಮಂಜಿನಲ್ಲಿ ದೀಪ ಹಾಕಿದರೆ ಬಿಳಿ ಗೋಡೆಯೊಂದೇ ಕಾಣುತ್ತಿತ್ತು. ಒಂದು ಕಿಲೋಮೀಟರು ಹೋಗಿರಬಹುದು. ಮೂರನೆಯ ತಿರುವಿನಲ್ಲಿ ನಂಜಪ್ಪ ಸ್ಟಿಯರಿಂಗ್ ಮೇಲೆ ಕೈಯಿಟ್ಟ.

"ನಿಲ್ಸಿ ಅಕ್ಕ. ಇಂಜಿನ್ ಆಫ್ ಮಾಡಿ."

ನಿಲ್ಲಿಸಿದೆ. ಒಂದು ಬೆರಳು ತೆರೆದಿದ್ದ ಕಿಟಕಿಯಿಂದ ನನಗೂ ಬಂತು. ಒದ್ದೆ ಗೋಣಿಚೀಲ, ಕುದುರೆ ಲಾಯ, ಕೊಳೆಯುತ್ತಿರುವ ಹಲಸು, ಮೂರೂ ಒಟ್ಟಿಗೆ. ಅಷ್ಟು ಗಾಢವಾಗಿತ್ತು. ನಾನು ಆನೆಯನ್ನು ಅಷ್ಟು ಹತ್ತಿರದಿಂದ ಹಿಂದೆಂದೂ ಮೂಸಿದವಳಲ್ಲ, ಆದರೂ ಅದು ಏನೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ. ನಂಜಪ್ಪ ತುಟಿಯ ಮೇಲೆ ಬೆರಳಿಟ್ಟ. ಎಲ್ಲಿದೆ ಎಂದು ಅವನಿಗೂ ಕಾಣುತ್ತಿರಲಿಲ್ಲ.

ಇಂಜಿನ್ ನಿಂತ ಮೌನದಲ್ಲಿ ಒಂದು ಸದ್ದು ಕೇಳಿಸಿತು. ಹಿಂದೆ, ಬೆಂಚಿನ ಕೆಳಗೆ, ನೀರಿನ ಪಂಪು ಕಿರ್ರೆಂದು ಓಡುತ್ತಿತ್ತು. ನಲ್ಲಿ ತೆರೆದಿದ್ದರೆ ಮಾತ್ರ ಓಡುವ ಪಂಪು. ತಿರುಪು, ಎಂದು ನನಗೆ ಹೊಳೆಯಿತು. ಅದೇ ಕ್ಷಣದಲ್ಲಿ ಸುರೇಶನಿಗೂ ಹೊಳೆದಿರಬೇಕು. ಅವನದೇ ಕೈಯಿಂದ ಆದ ಗಾಡಿ, ನೀರು ಸುರಿದುಹೋಗುತ್ತಿದೆ, ಉಳಿದದ್ದೆಲ್ಲ ಮರೆತುಹೋಯಿತು. ನಾನು ತಿರುಗುವಷ್ಟರಲ್ಲಿ ಪಕ್ಕದ ಬಾಗಿಲು ಜಾರಿತು. ಚಪ್ಪಲಿ ಜಲ್ಲಿಯ ಮೇಲೆ ಬಿದ್ದ ಸದ್ದು.

ನಾನು ಕೂಗಲಿಲ್ಲ. ನಂಜಪ್ಪ ನನ್ನ ತೋಳನ್ನು ಮೂಳೆ ನೋಯುವ ಹಾಗೆ ಹಿಡಿದು ಕಿವಿಯ ಹತ್ತಿರ, ಕೂಗಬೇಡಿ, ಕೂಗಿದರೆ ಅದು ಅವರ ಕಡೆಗೇ ತಿರುಗುತ್ತದೆ ಎಂದ. ಎಡಗಡೆಯ ಕನ್ನಡಿಯಲ್ಲಿ ಸುರೇಶ ತಿರುಪು ಬಿಗಿಯುವ ಪಾನ ಹಿಡಿದುಕೊಂಡು ಹಿಂದಕ್ಕೆ ನಡೆಯುತ್ತಿದ್ದ. ಗಾಡಿಯ ಮೂಲೆಯ ಹತ್ತಿರ ಬಗ್ಗಿದ. ಅವನ ಹಿಂದೆ ಎರಡು ಹುಣಸೆ ಬೊಡ್ಡೆಗಳಿದ್ದವು. ಮೂರನೆಯ ತಿರುವಿನಲ್ಲಿ ಹುಣಸೆ ಮರವಿಲ್ಲ ಎಂದು ಆಮೇಲೆ ನಂಜಪ್ಪ ಹೇಳಿದ. ನನಗೆ ಗೊತ್ತಾದದ್ದು ಅದರಲ್ಲೊಂದು ಬೊಡ್ಡೆ ಮುಂದಕ್ಕೆ ಬಂದಾಗ.

ಸದ್ದೇ ಇರಲಿಲ್ಲ. ಮಂಜಿನೊಳಗಿಂದ ಸೊಂಡಿಲು ಕೆಳಗಿಳಿದು ಬಂತು, ಬಹಳ ನಿಧಾನವಾಗಿ. ಗಾಲಿಯ ಗುಂಡಿಯಲ್ಲಿ ಹರಿಯುತ್ತಿದ್ದ ನೀರಿನ ಹತ್ತಿರ ಬಂದು ನಿಂತಿತು. ಸುರೇಶನ ಹಿಮ್ಮಡಿಗೂ ಅದಕ್ಕೂ ಒಂದು ಗೇಣಿನ ಅಂತರ. ಅವನ ಬೆನ್ನು ಅದರ ಕಡೆಗಿತ್ತು. ಅವನು ತಿರುಪಿನ ಜೊತೆ ಗುದ್ದಾಡುತ್ತಾ, ಕೆಲಸ ಮಾಡುವಾಗ ಯಾವಾಗಲೂ ಮಾಡುವ ಹಾಗೆ, ಬಾಯಲ್ಲಿ ಏನೋ ಗುನುಗುತ್ತಿದ್ದ. ನನಗೂ ನಂಜಪ್ಪನಿಗೂ ಉಸಿರು ಕಟ್ಟುವಷ್ಟು ಆ ವಾಸನೆ. ಅದರ ಕಾಲಡಿ ಬಗ್ಗಿದ್ದವನಿಗೆ ಇಲ್ಲ.

ಪಂಪು ನಿಂತಿತು. ಸೊಂಡಿಲಿನ ತುದಿ ನೀರಿಗೆ ತಾಗಿ ಮೇಲೆದ್ದಿತು. ಬುಸ್ ಎಂದು ಒಮ್ಮೆ ಊದಿತು. ಸುರೇಶನ ಕತ್ತಿನ ಮೇಲೆ ತುಂತುರು ಬಿದ್ದಿರಬೇಕು. ಅವನು ಮಂಜಿನ ಹನಿ ಎಂದುಕೊಂಡವನ ಹಾಗೆ ಕೈಯಿಂದ ಒರೆಸಿಕೊಂಡ. ತಿರುಗಿ ನೋಡಲಿಲ್ಲ. ಗಾಡಿಯ ಪಕ್ಕವನ್ನೇ ಹಿಡಿದುಕೊಂಡು ಮುಂದಕ್ಕೆ ನಡೆದು ಬಂದ, ಹತ್ತಿದ, ಬಾಗಿಲು ಎಳೆದ.

"ತಿರುಪು ಸಡಿಲ ಬಿಟ್ಟಿದ್ದೆ ನೀನು" ಎಂದ. "ಅವರೆ ಸೊಗಡು ಎಷ್ಟು ಚೆನ್ನಾಗಿ ಬರ್ತಿದೆ ಹೊರಗೆ."

ನಂಜಪ್ಪ ಹೊರಡಿ ಎಂದ. ಕೀಲಿ ತಿರುಗಿಸಿದೆ. ಗಾಡಿ ಮುಂದೆ ಜಿಗಿದಾಗ ಹಿಂದಿನ ಗಾಜಿನಲ್ಲಿ, ನಾವು ನಿಂತಿದ್ದ ಜಾಗಕ್ಕೆ, ದಂತವಿದ್ದ ಒಂಟಿ ಸಲಗವೊಂದು ಪೂರ್ತಿಯಾಗಿ ಬಂದು ನಿಂತಿತು. ಸುರೇಶ ಅದನ್ನು ನೋಡಿದ್ದು ಆಗ. ಅವನು ಮಾತಾಡುತ್ತಿದ್ದದ್ದು ಅರ್ಧಕ್ಕೇ ನಿಂತುಹೋಯಿತು.

ಡಾಂಬರು ರಸ್ತೆಯಲ್ಲಿ ನಿಲ್ಲಿಸಿದೆವು. ಅವನು ಕೆಳಗಿಳಿದು ಮೋರಿಯ ಕಟ್ಟೆಯ ಮೇಲೆ ಕೂತ. ಅವನ ಅಂಗಿಯ ಬೆನ್ನು ಒದ್ದೆಯಾಗಿತ್ತು. ಅಂಗಿ ಬಿಚ್ಚಿಸಿ ಮೂಸಿದೆ. ನನಗೆ ಆನೆಯ ವಾಸನೆ ಮೂಗಿಗೆ ಬಡಿಯುವಷ್ಟು ಬಂತು. ಅವನಿಗೆ ಕೊಟ್ಟೆ. ಬರೀ ಬ್ಲೀಚಿಂಗ್ ಪೌಡರ್ ವಾಸನೆ ಎಂದ.

ಇಷ್ಟೇ ನಡೆದದ್ದು. ಇನ್ನು ನನ್ನ ವಿವರಣೆಗಳನ್ನು ಹೇಳುತ್ತೇನೆ, ನಿಮಗೆ ಬೇರೆ ತೋಚಿದರೆ ಸಂತೋಷ. ಗೀಸರಿನಲ್ಲಿದ್ದ ಅನಿಲ ಹೆಚ್ಚಾದರೆ ಮೂಗಿನ ನರವನ್ನು ಮಂಕು ಮಾಡುತ್ತದೆ ಎಂಬುದು ಪುಸ್ತಕದಲ್ಲೇ ಇದೆ. ಆದರೆ ಹಾಗಾಗುವುದಿದ್ದರೆ ನನಗಾಗಬೇಕಿತ್ತು. ತಿರುಪಿನ ಮುಂದೆ ಕೂತಿದ್ದವಳು ನಾನು, ಅವನು ಗಾಡಿಯ ಮುಂಭಾಗದಲ್ಲಿದ್ದ. ಅಭ್ಯಾಸಬಲದಿಂದ ಅಂದು ಒಂದು ಸಣ್ಣ ಸೀಸೆಗೆ ಆ ನೀರು ತುಂಬಿಸಿಟ್ಟುಕೊಂಡಿದ್ದೆ. ಪರೀಕ್ಷೆ ಮಾಡಿದೆ. ನಾರುವಷ್ಟಿತ್ತು, ಮಂಕು ಮಾಡುವಷ್ಟು ಇರಲಿಲ್ಲ, ಹತ್ತಿರಕ್ಕೂ ಇರಲಿಲ್ಲ. ಮಂಗಳವಾರ ಸಂಜೆ ಅದೇ ಸೀಸೆಯನ್ನು ಸುರೇಶನ ಮೂಗಿನ ಕೆಳಗೆ ಹಿಡಿದೆ. ಏನಿದು, ಸಾಯಿಸ್ತೀಯಾ ಎಂದು ಕೈ ತಳ್ಳಿದ. ಆನೆ ಅವನನ್ನು ಯಾಕೆ ಮುಟ್ಟಲಿಲ್ಲ ಎಂದರೆ, ಕ್ಲೋರಿನ್ ಅದಕ್ಕೆ ಹಿಡಿಸಲಿಲ್ಲ ಎನ್ನಬಹುದು. ಅದನ್ನು ಹಾಕಿದ್ದೂ ನಾನೇ. ಅದನ್ನು ನೆನೆದು ಸಮಾಧಾನಪಟ್ಟುಕೊಳ್ಳಲು ಹೋಗುತ್ತೇನೆ, ಆಗುವುದಿಲ್ಲ. ಆ ಗೇಣು ಜಾಗ ಮಾತ್ರ ಕಣ್ಣ ಮುಂದೆ ಬರುತ್ತದೆ. ಪಾತ್ರೆ ತೊಳೆಯುವಾಗ ಬರುತ್ತದೆ, ಬಸ್ಸಿನಲ್ಲಿ ಬರುತ್ತದೆ. ಕೆಲವು ಸಲ ಅವನು ತಿರುಗಿ ನೋಡುತ್ತಾನೆ. ಕೆಲವು ಸಲ ನಾನು ಕೂಗುತ್ತೇನೆ.

ಇನ್ನೊಂದಿದೆ. ಅಂಥ ಬಾವಿಗೆ ಎಷ್ಟು ಔಷಧಿ ಹಾಕಿದರೂ ಎರಡು ಮೂರು ವಾರಕ್ಕೆ, ತಡವಾದರೆ ಒಂದು ಮಳೆಗಾಲಕ್ಕೆ, ನಾತ ಮರಳಿ ಬರಬೇಕು. ತಳದಲ್ಲಿ ಅಡಗಿದ ಜೀವಿಗಳು ಪೂರ್ತಿ ಸಾಯುವುದಿಲ್ಲ. ಹಾಗೆಂದೇ ಅಕ್ಕಯ್ಯಮ್ಮನಿಗೆ ಧೈರ್ಯ ಹೇಳಿದ್ದೆ. ನಾಲ್ಕು ಮಳೆಗಾಲ ಕಳೆದಿವೆ. ನಂಜಪ್ಪನಿಂದ ನೀರು ತರಿಸಿ ಎಷ್ಟು ಸಲ ನೋಡಿದ್ದೇನೋ; ಕುಡಿಯಲು ಅದಕ್ಕಿಂತ ಒಳ್ಳೆಯ ನೀರು ಈ ಸುತ್ತಿನಲ್ಲಿಲ್ಲ. ಒಂದು ಸಲ ಅವನು, ಕೊಳೆತಾದರೂ ನಾತ ಬರಲಿ ಎಂದು, ಗೋಣಿಚೀಲದ ತುಂಬ ಎಲೆ ತಂದು ಬಾವಿಗೆ ಸುರಿದು ನೋಡಿದ. ಎಲೆಯ ವಾಸನೆ ಬಂತು, ನಾತ ಬರಲಿಲ್ಲ. ಯಾಕೆ ಎಂದು ನನಗೆ ಗೊತ್ತಿಲ್ಲ.

ಆ ಸಲಗ ಇನ್ನೂ ಆ ಕಡೆಯೇ ಓಡಾಡಿಕೊಂಡಿದೆ. ಹಿಂದಿನ ಚಳಿಗಾಲದಲ್ಲಿ ಒಂದು ದಿನ ಕ್ಯಾಂಟೀನಿನಲ್ಲಿ ನಂಜಪ್ಪನನ್ನು ಕೇಳಿದೆ, ಅಮ್ಮ ಈಗ ಬೆಳಿಗ್ಗೆ ಏನು ಮಾಡುತ್ತಾರೆ ಎಂದು. ಈಗಲೂ ಚೊಂಬು ಹಿಡಿದು ಬಾವಿಕಟ್ಟೆಯ ಹತ್ತಿರ ನಿಂತಿರುತ್ತಾರೆ, ಈಗಲೂ ಅಂಗೈಗೆ ನೀರು ಹಾಕಿ ಕೇಳುತ್ತಾರೆ ಎಂದ. ನೀನೇನು ಹೇಳುತ್ತೀಯ ಎಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಅವನೇ ತಟ್ಟೆ ನೋಡಿಕೊಂಡು ಹೇಳಿದ.

"ಬತ್ತೈತೆ ಅಂತೀನಿ ಅಕ್ಕ. ಇಲ್ಲಾಂದ್ರೆ ಡ್ಯೂಟಿಗೆ ಕಳ್ಸಲ್ಲ. ಅವ್ವನೂ ಮೂಸ್ಬುಟ್ಟು, ನಂಗೂ ಬತ್ತೈತೆ ಅಂತಾಳೆ."